ನಾವೇನು ಕಳ್ಳರೇ?



ಬೇಸಿಗೆ ರಜೆ ಬಂತೆಂದರೆ ನಮ್ಮ ನಂಜನಗೂಡು, ತಿ. ನರಸೀಪುರ ಕಡೆಯ ಧರ್ಮಕೇಂದ್ರಗಳಲ್ಲಿ ಒಂದು ವಾಡಿಕೆಯುಂಟು. ಸತ್ಯೋಪದೇಶದ ಮಕ್ಕಳು, ಯುವಜನರು, ಕೆಲವೊಮ್ಮೆ ತಾಯಂದಿರ ಸಂಘದವರು ಬಸ್ಸು ಗೊತ್ತುಮಾಡಿಕೊಂಡು ಒಂದು ದಿನದ ಪ್ರವಾಸ ಹೊರಡುತ್ತಾರೆ. ಹಿಂದೆಲ್ಲ ತಲಕಾಡು, ಸೋಮನಾಥಪುರ, ಕನ್ನಂಬಾಡಿ ಎಂದರೆ ಮುಗಿಯಿತು. ಬುತ್ತಿ ಕಟ್ಟಿಕೊಂಡು ಹೋಗಿ, ಹೊಳೆಯ ದಂಡೆಯಲ್ಲಿ ಕುಳಿತು ಉಂಡು, ಸಂಜೆಗೆ ಮನೆ ಸೇರುವುದು. ಈಗ ಮಕ್ಕಳನ್ನೇ ಕೇಳಿ ನೋಡಿ. ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಎನ್ನುತ್ತಾರೆ, ಸ್ವಲ್ಪ ದುಡ್ಡು ಕೂಡಿದ್ದರೆ ಬಿಡದಿಯ ವಂಡರ್‌ಲಾ ಎನ್ನುತ್ತಾರೆ. ಹೋಗಲಿ ಬಿಡಿ, ಮಕ್ಕಳು ನೀರಿನಲ್ಲಿ ಆಡಿ ನಲಿಯುವುದರಲ್ಲಿ ತಪ್ಪೇನಿದೆ?

ಹೋಗಿ ಬಂದವರನ್ನು ಮಾತಾಡಿಸಿದಾಗ ಮಕ್ಕಳು ಜಾರುಬಂಡೆಯ ಸುದ್ದಿ ಹೇಳುತ್ತಾರೆ. ಆದರೆ ದೊಡ್ಡವರು ಹೇಳುವುದು ಬಾಗಿಲಿನ ಸುದ್ದಿ. ಇಂಥ ಜಾಗಗಳಲ್ಲಿ ಒಳಗೆ ಬಿಡುವ ಮುನ್ನ ಚೀಲ ಬಿಚ್ಚಿಸುತ್ತಾರೆ, ಚೌಕಟ್ಟಿನಂಥ ಯಂತ್ರದ ನಡುವೆ ನಡೆಸುತ್ತಾರೆ, ಮೈಮೇಲೆ ಕೋಲಿನಂಥ ಇನ್ನೊಂದು ಯಂತ್ರ ಆಡಿಸುತ್ತಾರೆ, ತಿಂಡಿ ತಂದಿದ್ದರೆ ಹೊರಗಿಡಿಸುತ್ತಾರೆ. ಇದರ ಬಗ್ಗೆ ನಾನು ಕೇಳಿರುವ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಬ್ಬರು ಹೇಳುತ್ತಾರೆ: “ಸ್ವಾಮಿ, ದುಡ್ಡು ಕೊಟ್ಟು ಟಿಕೇಟು ತೆಗೆದುಕೊಂಡಿದ್ದೇವೆ. ನಾವೇನು ಕಳ್ಳರೇ?” ಅದೇ ಬಸ್ಸಿನಲ್ಲಿ ಹೋಗಿದ್ದ ಇನ್ನೊಬ್ಬರು, “ಅದೇನು ಚೆಕ್ಕಿಂಗು ಫಾದರ್, ಬರೀ ಕಾಟಾಚಾರ. ಚೀಲದ ಬಾಯಿ ನೋಡಿದರು, ತಳ ನೋಡಲಿಲ್ಲ” ಎನ್ನುತ್ತಾರೆ. ಮೂರನೆಯವರು ತಾಯಿ. “ನೋಡಲಿ ಫಾದರ್, ಎಷ್ಟು ಬೇಕಾದರೂ ನೋಡಲಿ. ಮಕ್ಕಳಿರುವ ಜಾಗ. ಆದರೆ ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಲಸಿದ ಪುಳಿಯೋಗರೆಯಿಂದ ಯಾರಿಗೆ ಅಪಾಯ?”

ಯಾವುದೋ ಒಂದು ಪಾರ್ಕಿನ ಮೇಲೆ ದೂರು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಈ ಮೂರು ಮಾತುಗಳಲ್ಲಿ ಮೂರು ಬೇರೆ ಬೇರೆ ನೈತಿಕ ಪ್ರಶ್ನೆಗಳಿವೆ, ಅವನ್ನು ಒಂದೇ ಗಂಟಿನಲ್ಲಿ ಕಟ್ಟಿ ಗೊಣಗುತ್ತೇವೆ. ಗಂಟು ಬಿಚ್ಚಿ ನೋಡೋಣ ಎಂದು ನನ್ನಾಸೆ.

ಮೊದಲಿಗೆ, ಇದು ಸಣ್ಣ ವಿಷಯ ಎನ್ನಬೇಡಿ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಯ ಜನ ತಪಾಸಣೆ ಕಂಡದ್ದು ಬಹುಶಃ ಅಬಕಾರಿಯವರು ಬಸ್ಸು ನಿಲ್ಲಿಸಿದಾಗ ಮಾತ್ರ. ಈಗ ಮಾಲಿನ ಬಾಗಿಲು, ಮೆಟ್ರೋ ಬಾಗಿಲು, ಅರಮನೆಯ ಬಾಗಿಲು, ಪರೀಕ್ಷೆಯ ಬಾಗಿಲು ಎಲ್ಲ ಕಡೆಯೂ ಒಬ್ಬರು ಕೈಚಾಚಿ ನಿಂತಿರುತ್ತಾರೆ. ಕಾರಣವಿಲ್ಲದೆ ನಿಂತಿಲ್ಲ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲೇ ಬಾಂಬು ಸಿಡಿಯಿತು. ಆ ಆವರಣಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಜಮೀನಿನ ಕಾಗದ ಹಿಡಿದುಕೊಂಡು ಅಲೆದಿದ್ದೇವೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಗಿರಾಕಿಯಂತೆ ಬಂದವನು ಚೀಲ ಬಿಟ್ಟುಹೋದ, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸಿಡಿಯಿತು. ನಮ್ಮ ಚರ್ಚುಗಳನ್ನೂ ಇದು ಬಿಟ್ಟಿಲ್ಲ. 2000ನೇ ಇಸವಿಯ ಜೂನ್ 8ರಂದು ವಾಡಿಯಲ್ಲಿ, ಜುಲೈ 8ರಂದು ಹುಬ್ಬಳ್ಳಿಯಲ್ಲಿ, ಮರುದಿನ ಬೆಂಗಳೂರಿನಲ್ಲಿ, ಹೀಗೆ ಒಂದೇ ತಿಂಗಳ ಅವಧಿಯಲ್ಲಿ ಕರ್ನಾಟಕದ ಮೂರು ಚರ್ಚುಗಳಲ್ಲಿ ಬಾಂಬು ಸ್ಫೋಟವಾದದ್ದನ್ನು ಹಿರಿಯರು ಮರೆತಿರಲಾರರು.

ಹಾಗಾದರೆ “ನಾವೇನು ಕಳ್ಳರೇ?” ಎಂಬ ಮಾತು ಸುಮ್ಮನೆ ಜಂಬದ ಮಾತೇ? ಅಲ್ಲ. ಅದರ ಹಿಂದೆ ಒಂದು ಸತ್ಯವಿದೆ. ಮನುಷ್ಯನನ್ನು ಆಧಾರವಿಲ್ಲದೆ ಸಂಶಯಿಸುವುದು ಅನ್ಯಾಯ. ಬಾಲ್ಯದಲ್ಲಿ ನಾವು ಕಲಿತ ಸತ್ಯೋಪದೇಶದಲ್ಲಿ ಇದಕ್ಕೆ ದುಡುಕಿನ ತೀರ್ಪು ಎಂಬ ಹೆಸರೇ ಇತ್ತು. ನೆರೆಯವನ ಬಗ್ಗೆ ಮನಸ್ಸಿನಲ್ಲೇ ಕೆಟ್ಟದಾಗಿ ತೀರ್ಮಾನಿಸಿಬಿಡುವುದೂ ಪಾಪವೇ. ಅವನ ಒಳ್ಳೆಯ ಹೆಸರು ಅವನ ಆಸ್ತಿ. ಅವನ ಜೇಬಿನಿಂದ ಹಣ ತೆಗೆಯುವುದು ಹೇಗೋ ನಮ್ಮ ಮನಸ್ಸಿನಲ್ಲಿ ಅವನ ಹೆಸರು ತೆಗೆಯುವುದೂ ಹಾಗೆಯೇ. ಹಾಗಿದ್ದಾಗ, ಬಾಗಿಲಿಗೆ ಬಂದ ಪ್ರತಿಯೊಬ್ಬನೂ ಚೂರಿ ತಂದಿರಬಹುದು ಎಂದುಕೊಂಡು ಚೀಲ ನೋಡುವುದು ದಿನಕ್ಕೆ ಸಾವಿರ ಸಲ ದುಡುಕಿನ ತೀರ್ಪು ಮಾಡಿದಂತೆ ಆಗಲಿಲ್ಲವೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿವೇಚನೆ ಕಲಿತಿದ್ದೆ. ಆಗ ಪರೀಕ್ಷೆಗೆಂದು ಉರು ಹೊಡೆದದ್ದು, ಈಗ ಬಾಗಿಲುಗಳ ಮುಂದೆ ನಿಂತಾಗಲೆಲ್ಲ ನೆನಪಾಗುತ್ತದೆ. ಹದಿಮೂರನೆಯ ಶತಮಾನದ ಆ ಮಹಾಜ್ಞಾನಿ, ಸಂದೇಹವಿದ್ದಾಗ ನೆರೆಯವನ ನಡತೆಯನ್ನು ಒಳ್ಳೆಯದಾಗಿಯೇ ಅರ್ಥಮಾಡಿಕೊಳ್ಳಬೇಕೇ ಎಂದು ಕೇಳಿಕೊಳ್ಳುತ್ತಾರೆ. ಹೌದು, ಹಾಗೆಯೇ ಮಾಡಬೇಕು ಎನ್ನುತ್ತಾರೆ. ಕೆಟ್ಟವನನ್ನು ಒಳ್ಳೆಯವನೆಂದು ನಂಬಿ ಹತ್ತಾರು ಸಲ ಮೋಸ ಹೋದರೂ ಚಿಂತೆಯಿಲ್ಲ, ಒಬ್ಬ ಒಳ್ಳೆಯವನನ್ನು ಕೆಟ್ಟವನೆಂದು ತಿಳಿಯುವುದು ಅದಕ್ಕಿಂತ ಕೇಡು, ಏಕೆಂದರೆ ಅಲ್ಲಿ ಒಬ್ಬನಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಟ್ಟದ್ದನ್ನು ಊಹಿಸಿಕೊಳ್ಳುವುದರಲ್ಲಿ ಎರಡು ಬಗೆ ಇದೆ ಎನ್ನುತ್ತಾರೆ. ಕೇಡಿಗೆ ಮದ್ದು ಹುಡುಕುವಾಗ, ಕೇಡು ಅತಿ ದೊಡ್ಡದಿರಬಹುದು ಎಂದು ಮುಂದಾಗಿ ಎಣಿಸಿಕೊಳ್ಳುವುದು ಒಂದು. ದೊಡ್ಡ ರೋಗಕ್ಕೆ ಸಾಕಾಗುವ ಮದ್ದು ಸಣ್ಣದಕ್ಕೂ ಸಾಕು, ಆದ್ದರಿಂದ ಅದು ವಿವೇಕ. ಇಂಥ ಮನುಷ್ಯ ಕೆಟ್ಟವನು ಎಂದು ಮನಸ್ಸಿನಲ್ಲಿ ತೀರ್ಪು ಕೊಡುವುದು ಇನ್ನೊಂದು. ಅದು ಸಲ್ಲದು.

ಓದುಗರೇ, ಈ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ರಾತ್ರಿ ಮಲಗುವ ಮುನ್ನ ನೀವು ಬಾಗಿಲ ಅಗಳಿ ಹಾಕುತ್ತೀರಿ. ಹಾಗೆಂದು ಎದುರು ಮನೆಯವರನ್ನು ಕಳ್ಳರೆಂದು ಕರೆದಂತಾಯಿತೇ? ಇಲ್ಲ. ಅಗಳಿ ಯಾರ ಹೆಸರನ್ನೂ ಹೇಳುವುದಿಲ್ಲ. ಬಾಗಿಲಿನ ತಪಾಸಣೆಯೂ ಆ ಅಗಳಿಯ ಹಾಗೆ ಇದ್ದಷ್ಟು ಹೊತ್ತು ಅದರಲ್ಲಿ ಅವಮಾನವಿಲ್ಲ. ಅದು ಚೀಲವನ್ನು ಸಂಶಯಿಸುತ್ತದೆ, ಚೀಲ ಹೊತ್ತವರನ್ನಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆ. ಆ ಗಾದೆಯಲ್ಲಿ ಹೆಗಲು ಮುಟ್ಟಿಕೊಂಡವನು ಕಳ್ಳನೇ. ಆದರೆ ಎಲ್ಲರ ಹೆಗಲನ್ನೂ ಸಾಲಾಗಿ ಮುಟ್ಟಿ ನೋಡುವ ಜಾಗದಲ್ಲಿ ನಮ್ಮ ಹೆಗಲನ್ನೂ ಮುಟ್ಟಿದರೆ ಅದರಿಂದ ನಮಗೆ ಯಾವ ಹೆಸರೂ ಬರುವುದಿಲ್ಲ.

“ಆದರೂ ನಮ್ಮದು ಮರ್ಯಾದಸ್ಥರ ಗುಂಪು, ಚರ್ಚಿನಿಂದ ಬಂದವರು” ಎನ್ನುವವರಿಗೆ ಆದಿಕಾಂಡದ ಮೂವತ್ತೊಂದನೆಯ ಅಧ್ಯಾಯವನ್ನು ಓದಲು ಹೇಳುತ್ತೇನೆ. ಯಕೋಬನು ಮಾವ ಲಾಬಾನನಿಗೆ ಹೇಳದೆ ಹೆಂಡತಿ ಮಕ್ಕಳು, ದನಕುರಿಗಳೊಂದಿಗೆ ಹೊರಟುಬಿಡುತ್ತಾನೆ. ಲಾಬಾನ ಬೆನ್ನಟ್ಟಿ ಬಂದು, ನನ್ನ ಮನೆದೇವರುಗಳನ್ನು ಕದ್ದಿದ್ದೀರಿ ಎನ್ನುತ್ತಾನೆ. ಯಕೋಬನಿಗೆ ಆಘಾತ. ನಮ್ಮಲ್ಲಿ ಯಾರ ಬಳಿ ಸಿಕ್ಕಿದರೂ ಅವರು ಬದುಕಬಾರದು ಎಂದು ಮಾತು ಕೊಟ್ಟೇಬಿಡುತ್ತಾನೆ. ಲಾಬಾನ ಒಂದೊಂದೇ ಗುಡಾರ ಹುಡುಕುತ್ತಾನೆ, ಏನೂ ಸಿಗುವುದಿಲ್ಲ. ಆಗ ಯಕೋಬನ ಸಿಟ್ಟು ನೆತ್ತಿಗೇರುತ್ತದೆ. ನನ್ನ ಸಾಮಾನನ್ನೆಲ್ಲ ತಡಕಾಡಿದೆಯಲ್ಲ, ಏನು ಸಿಕ್ಕಿತು ತೋರಿಸು ಎಂದು ಕೂಗಾಡುತ್ತಾನೆ. ಅವನ ಸಿಟ್ಟು ಪ್ರಾಮಾಣಿಕವಾದದ್ದು, ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ವಿಗ್ರಹಗಳು ಅಲ್ಲೇ ಇದ್ದವು! ಅವನ ಪ್ರೀತಿಯ ರಾಖೇಲಳೇ ಅವನ್ನು ಒಂಟೆಯ ಜೀನಿನಲ್ಲಿ ಅಡಗಿಸಿ ಮೇಲೆ ಕುಳಿತಿದ್ದಳು, ಯಕೋಬನಿಗೆ ತಿಳಿದಿರಲಿಲ್ಲ. ಗೊತ್ತಿಲ್ಲದೆಯೇ ಅವನು ತನ್ನ ಹೆಂಡತಿಯ ಪ್ರಾಣವನ್ನು ಪಣಕ್ಕಿಟ್ಟಿದ್ದ.

ನಮ್ಮ ಬಸ್ಸುಗಳ ಯಜಮಾನರೆಲ್ಲ ಯಕೋಬನ ಮಕ್ಕಳೇ. ನನ್ನ ಗುಂಪಿನಲ್ಲಿ ಅಂಥವರಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತೇವೆ. ಹಿಂದಿನ ಸೀಟಿನಲ್ಲಿ ಕುಳಿತ ಹತ್ತೊಂಬತ್ತರ ಹುಡುಗನ ತಂಪು ಪಾನೀಯದ ಬಾಟಲಿಯಲ್ಲಿ ತಂಪು ಪಾನೀಯವೇ ಇದೆಯೇ ಎಂದು ನಮಗೆ ಗೊತ್ತಿಲ್ಲ. ಕುಡಿದವನು ಎತ್ತರದ ಆಟದ ಯಂತ್ರ ಹತ್ತಿದರೆ ಅವನಿಗೂ ಅಪಾಯ, ಪಕ್ಕದಲ್ಲಿರುವ ಮಗುವಿಗೂ ಅಪಾಯ. ಪ್ರಾಮಾಣಿಕರಾದ ನಾವು ನಮ್ಮ ಆತ್ಮಸಾಕ್ಷಿಗೆ ಮಾತ್ರ ಜಾಮೀನು ಕೊಡಬಲ್ಲೆವು, ಇನ್ನೊಬ್ಬರ ಚೀಲಕ್ಕಲ್ಲ. ಹಾಗಾಗಿ, ಚೂರಿಗೂ ಹೆಂಡಕ್ಕೂ ನಮ್ಮ ಚೀಲ ನೋಡಿದರೆ ಅದನ್ನು ನೆರೆಯವನಿಗೆ ನಾವು ಸಲ್ಲಿಸುವ ಒಂದು ಸಣ್ಣ ಋಣವೆಂದು ತಿಳಿಯೋಣ. ನನ್ನ ಚೀಲವನ್ನು ನೋಡುತ್ತಾರೆಂಬ ಕಾರಣಕ್ಕೇ ಅಪರಿಚಿತನ ಚೀಲವನ್ನೂ ನೋಡುತ್ತಾರೆ.

ಮೊದಲನೆಯವರಿಗೆ ನನ್ನ ಉತ್ತರ ಇಷ್ಟು. ಆದರೆ ಅವರ ಮಾತಿನಲ್ಲಿ ಇನ್ನೊಂದು ಅಂಶ ಉಳಿದಿದೆ, ಅದು ನನಗೆ ಹೊಳೆದದ್ದು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ಮಾತಿನಿಂದ. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ನಮ್ಮಲ್ಲಿವೆ. ಪಾಳಿ ಮುಗಿಸಿ ಹೊರಬರುವಾಗ ದಿನವೂ ಮೈ ಸವರಿಸಿಕೊಳ್ಳುವುದು, ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸುವುದು ಹಲವರಿಗೆ ಉಸಿರಾಟದಷ್ಟು ಅಭ್ಯಾಸ. “ನಿನಗೆ ಬೇಸರವಾಗುವುದಿಲ್ಲವೇನಮ್ಮ?” ಎಂದು ಕೇಳಿದೆ. “ನಮ್ಮ ಡಬ್ಬಿ ನೋಡುವುದಕ್ಕೆ ಬೇಸರವಿಲ್ಲ ಫಾದರ್. ಅದೇ ಗೇಟಿನಲ್ಲಿ ದೊಡ್ಡವರ ಕಾರು ಬಂದರೆ ಸೆಲ್ಯೂಟ್ ಹೊಡೆದು ಬಿಡುತ್ತಾರಲ್ಲ, ಆಗ ಬೇಸರವಾಗುತ್ತದೆ” ಎಂದಳು. ಅಕ್ವಿನಾಸರು ಪುಟಗಟ್ಟಲೆ ಬರೆದದ್ದನ್ನು ಅವಳು ಒಂದು ಸಾಲಿನಲ್ಲಿ ಹೇಳಿಬಿಟ್ಟಳು. ಅಗಳಿ ಎಲ್ಲರಿಗೂ ಒಂದೇ ಆಗಿದ್ದರೆ ಅದು ಮುನ್ನೆಚ್ಚರಿಕೆ. ಡಬ್ಬಿಯವರಿಗೆ ಒಂದು, ಕಾರಿನವರಿಗೆ ಒಂದು ಎಂದಾದ ಕ್ಷಣದಲ್ಲೇ ಅದು ತೀರ್ಪು. ಇವರು ಕದಿಯುವ ಜಾತಿ, ಅವರು ಕದಿಯದ ಜಾತಿ ಎಂಬ ತೀರ್ಪು.

ಇದು ಬರೀ ಊಹೆಯಲ್ಲ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಟಿಕೇಟು ಕೈಯಲ್ಲಿದ್ದರೂ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆ ಎಂದು ತಪಾಸಣೆಯ ಬಾಗಿಲಲ್ಲೇ ತಡೆದರು. ತಲೆಯ ಮೇಲೆ ಒಂದು ಗಂಟು ಹೊತ್ತ ಮುದುಕ. ಅಲ್ಲಿದ್ದ ಸಹಪ್ರಯಾಣಿಕರು ಅವನ ಪರವಾಗಿ ನಿಂತು ವಾದಿಸಿದರು, ಒಳಗೆ ಕರೆದುಕೊಂಡು ಹೋದರು. ಅದೇ ವರ್ಷ ಜುಲೈನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲೆಂದು ಬೆಂಗಳೂರಿನ ಜಿ.ಟಿ. ಮಾಲಿಗೆ ಬಂದರೆ, ಪಂಚೆ ಉಟ್ಟಿದ್ದಾರೆಂದು ಬಿಡಲಿಲ್ಲ. ಊರೆಲ್ಲ ಎದ್ದಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಪಂಚೆಯೊಳಗೆ ಬಾಂಬಿದೆಯೆಂಬ ಭಯ ಅಲ್ಲಿ ಯಾರಿಗೂ ಇರಲಿಲ್ಲ. ಪಂಚೆ ಉಟ್ಟವನೇ ಆ ಜಾಗಕ್ಕೆ ತಕ್ಕವನಲ್ಲ ಎಂಬ ತೀರ್ಮಾನ ಮಾತ್ರ ಇತ್ತು. ಭದ್ರತೆಯ ಸಮವಸ್ತ್ರ ತೊಟ್ಟು ನಿಂತದ್ದು ಅಹಂಕಾರ.

2025ರ ಏಪ್ರಿಲ್‌ನಲ್ಲಿ ಸಿ.ಇ.ಟಿ. ಪರೀಕ್ಷೆಯಲ್ಲಿ ನಡೆದದ್ದು ಇನ್ನೊಂದು ಬಗೆ. ಬೀದರಿನಲ್ಲಿ ಒಬ್ಬ ವಿದ್ಯಾರ್ಥಿ ಜನಿವಾರ ತೆಗೆಯಲು ಒಪ್ಪಲಿಲ್ಲವೆಂದು ಅವನನ್ನು ಗಣಿತದ ಪರೀಕ್ಷೆಗೆ ಬಿಡಲಿಲ್ಲ. ಶಿವಮೊಗ್ಗದಿಂದಲೂ ಅಂಥದೇ ದೂರು ಬಂತು. ಜನಿವಾರ ತೆಗೆಸಬೇಕೆಂಬ ನಿಯಮವೇ ಇರಲಿಲ್ಲವೆಂದು ಪರೀಕ್ಷಾ ಪ್ರಾಧಿಕಾರ ಆಮೇಲೆ ಹೇಳಿತು. ನಕಲು ತಡೆಯುವುದು ನ್ಯಾಯ. ಆದರೆ ದಾರದಲ್ಲಿ ಏನು ನಕಲು ಇರುತ್ತದೆ? ಅದು ನಮ್ಮ ವಿಷಯವಲ್ಲ ಎಂದು ಸುಮ್ಮನಿರಬೇಡಿ. ಇಂದು ಅವನ ಜನಿವಾರ, ನಾಳೆ ನಿಮ್ಮ ಮಗಳ ಕೊರಳಿನ ಶಿಲುಬೆ, ಇನ್ನೊಬ್ಬಳ ತಲೆಯ ಮೇಲಿನ ಬಟ್ಟೆ. ಬಾಗಿಲಲ್ಲಿ ನಿಂತವನಿಗೆ ಏನನ್ನು ಹುಡುಕಬೇಕು ಎಂದು ಹೇಳಿಕೊಟ್ಟಿರುವಂತೆ, ಯಾವುದನ್ನು ಮುಟ್ಟಬಾರದು ಎಂದೂ ಹೇಳಿಕೊಟ್ಟಿರಬೇಕು. ಪೊಲೀಸರು ಬಂಧಿಸಿದ ಹೆಂಗಸನ್ನು ಕೂಡ ಇನ್ನೊಬ್ಬ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕು ಎನ್ನುತ್ತದೆ ನಮ್ಮ ದೇಶದ ಕಾನೂನು. ಟಿಕೇಟು ಕೊಂಡು ನಗುತ್ತಾ ಬಂದ ಹೆಂಗಸಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಕೊಡಲಾದೀತೇ?

ಇನ್ನು ಪುಳಿಯೋಗರೆಯ ತಾಯಿಗೆ ಬರೋಣ. ಇಲ್ಲಿ ನಾನು ಕೊಂಚ ಕಟುವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಹೊರಗಿನ ಊಟ ತರಬಾರದು ಎಂಬ ನಿಯಮ ಮಾಡುವ ಹಕ್ಕು ಪಾರ್ಕಿನ ಒಡೆಯರಿಗೆ ಇಲ್ಲವೆಂದು ನಾನು ಹೇಳಲಾರೆ. 2023ರ ಜನವರಿ 3ರಂದು ಸುಪ್ರೀಂ ಕೋರ್ಟು ಸಿನಿಮಾ ಮಂದಿರಗಳ ಬಗ್ಗೆ ಇದನ್ನೇ ಹೇಳಿತು. ಮಂದಿರ ಒಡೆಯನ ಖಾಸಗಿ ಜಾಗ, ಹೊರಗಿನ ತಿಂಡಿ ಬೇಡವೆಂದು ಅವನು ನಿಯಮ ಮಾಡಬಹುದು, ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಎಳೆಯ ಮಗುವಿಗೆ ತಾಯಿ ತಂದ ಆಹಾರವನ್ನು ತಡೆಯಬಾರದು ಎಂಬುದು ಆ ತೀರ್ಪಿನ ತಿರುಳು. ಜಿಲೇಬಿ ತಿಂದು ಸೀಟಿಗೆ ಕೈ ಒರೆಸಿದರೆ ಶುಚಿ ಮಾಡುವವರು ಯಾರು ಎಂಬ ಮಾತೂ ವಿಚಾರಣೆಯಲ್ಲಿ ಬಂದುಹೋಯಿತು. ಸರಿ, ನ್ಯಾಯಾಲಯದ ಮಾತು ಪಾರ್ಕಿಗೂ ಅನ್ವಯವಾಗಬಹುದು. ನನ್ನ ತಕರಾರು ನಿಯಮದ ಬಗ್ಗೆ ಅಲ್ಲ. ಅದನ್ನು ಜಾರಿಗೆ ತರುವ ಮೇಜಿನ ಬಗ್ಗೆ. ಚೂರಿ ಹುಡುಕುವ ಮೇಜಿನಲ್ಲೇ, ಚೂರಿ ಹುಡುಕುವ ಕೈಗಳಿಂದಲೇ, ಚಿತ್ರಾನ್ನವನ್ನೂ ಹುಡುಕಿಸಿದರೆ ಏನಾಗುತ್ತದೆ? ಜೀವರಕ್ಷಣೆಗೆಂದು ಜನ ಬಿಟ್ಟುಕೊಟ್ಟ ಹಕ್ಕನ್ನು ವ್ಯಾಪಾರಕ್ಕೆ ಬಳಸಿಕೊಂಡಂತಾಗುತ್ತದೆ. ನಾನು ಚೀಲ ಬಿಚ್ಚಿ ತೋರಿಸಿದ್ದು ನೆರೆಯವನ ಪ್ರಾಣಕ್ಕಾಗಿ, ನಿಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಗಾಗಿ ಅಲ್ಲ. ಎರಡನ್ನೂ ಬೆರೆಸಿದ್ದರಿಂದಲೇ ಜನ ಇಡೀ ತಪಾಸಣೆಯನ್ನು ನಾಟಕವೆಂದು ತಿಳಿಯುತ್ತಾರೆ, ಒಂದು ಸೌತೆಕಾಯಿ ಬಚ್ಚಿಟ್ಟು ಒಳಗೆ ಸಾಗಿಸಿದ್ದನ್ನು ಸಾಹಸವೆಂದು ಹೇಳಿಕೊಳ್ಳುತ್ತಾರೆ. ಪುಳಿಯೋಗರೆ ಬಚ್ಚಿಡಲು ಮಗುವಿಗೆ ಕಲಿಸಿದ ತಾಯಿ ಮುಂದೆ ಅದೇ ಮಗುವಿಗೆ ಪ್ರಾಮಾಣಿಕತೆಯ ಪಾಠ ಹೇಳುವುದು ಹೇಗೆ? ಸಣ್ಣ ಮಾತೆನಿಸಬಹುದು, ಆದರೆ ಕುಟುಂಬದಲ್ಲಿ ಆತ್ಮಸಾಕ್ಷಿ ರೂಪುಗೊಳ್ಳುವುದು ಇಂಥ ಸಣ್ಣ ಕಡೆಗಳಲ್ಲೇ.

ಒಂದು ದಾರಿ ಇದೆ. ಊಟದ ನಿಯಮವನ್ನು ಟಿಕೇಟು ಕೊಳ್ಳುವ ಮೊದಲೇ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ತಿಳಿಸಲಿ. ಬುತ್ತಿ ತಂದವರಿಗೆ ಗೇಟಿನ ಹೊರಗೆ ನೆರಳಿನಲ್ಲಿ ಕುಳಿತು ಉಣ್ಣಲು ಒಂದಿಷ್ಟು ಜಾಗ ಮಾಡಲಿ. ಪ್ರವಾಸದ ಹೊಣೆ ಹೊತ್ತವರು ಹೋಗುವ ಮೊದಲೇ ಫೋನು ಮಾಡಿ ವಿಚಾರಿಸಿ ತಾಯಂದಿರಿಗೆ ತಿಳಿಸಲಿ. ಬೆಳಗಿನ ನಾಲ್ಕಕ್ಕೆ ಎದ್ದು ಮಾಡಿದ ಅನ್ನ ಬಾಗಿಲಲ್ಲಿ ಕೊಳೆಯುವುದನ್ನು ನೋಡಲು ನನಗಂತೂ ಮನಸ್ಸಿಲ್ಲ. ತಿರುಮಕೂಡಲಿನ ಸಂಗಮಕ್ಕೆ ಕಬಿನಿ ಕಾವೇರಿಗಳನ್ನು ನೋಡಲು ಹೋದವರ ಬುತ್ತಿಯನ್ನು ಯಾವ ನದಿಯೂ ಕೇಳಿದ್ದಿಲ್ಲ ಎಂದು ಒಬ್ಬ ಅಜ್ಜಿ ನಕ್ಕಿದ್ದಳು.

“ಬರೀ ಕಾಟಾಚಾರ” ಎಂದವರ ಮಾತು ಇನ್ನೂ ಬಾಕಿ ಇದೆ. ಕಾಟಾಚಾರದ ತಪಾಸಣೆಯಲ್ಲಿ ಎರಡು ದೋಷ. ಜನರ ಹೊತ್ತನ್ನೂ ಮಾನವನ್ನೂ ತೆಗೆದುಕೊಳ್ಳುತ್ತದೆ, ಬದಲಿಗೆ ಕೊಡಬೇಕಾದ ಸುರಕ್ಷತೆಯನ್ನು ಕೊಡುವುದಿಲ್ಲ. 2023ರ ಡಿಸೆಂಬರ್ 13ರಂದು ನಮ್ಮ ದೇಶದ ಸಂಸತ್ತಿನಲ್ಲೇ, ಇಬ್ಬರು ಶೂಗಳಲ್ಲಿ ಹೊಗೆ ಡಬ್ಬಿ ಅಡಗಿಸಿಕೊಂಡು ಪ್ರೇಕ್ಷಕರ ಗ್ಯಾಲರಿಯ ತನಕ ಹೋದರು. ಅವರಲ್ಲೊಬ್ಬ ಮೈಸೂರಿನವನು. ಅಷ್ಟೊಂದು ಹಂತದ ತಪಾಸಣೆ ಇರುವಲ್ಲೇ ಹೀಗಾದ ಮೇಲೆ, ಆಟದ ಪಾರ್ಕಿನ ಬಾಗಿಲಲ್ಲಿ ಎಲ್ಲವೂ ಸಿಕ್ಕೇ ಸಿಗುತ್ತದೆಂದು ಯಾರೂ ಹೇಳಲಾರರು. ಆದರೂ ಈ ಮಾತನ್ನು ಹಿಡಿದುಕೊಂಡು ತಪಾಸಣೆಯೇ ಬೇಡ ಎನ್ನುವುದು ಸರಿಯಲ್ಲ. ಅಗಳಿ ಮುರಿಯುವ ಕಳ್ಳನಿದ್ದಾನೆಂದು ಬಾಗಿಲು ತೆರೆದಿಟ್ಟು ಮಲಗುತ್ತೇವೆಯೇ?

ಕಾಟಾಚಾರ ಎಂಬ ಆ ಆಕ್ಷೇಪವನ್ನು ನಾನು ಬೇರೆ ಕಡೆಗೆ ತಿರುಗಿಸಲು ಇಷ್ಟಪಡುತ್ತೇನೆ. ನಮ್ಮ ಚೀಲವನ್ನು ನೋಡಿದರು, ಸರಿ. ಅವರ ಯಂತ್ರವನ್ನು ಯಾರು ನೋಡಿದರು? 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಪಾರ್ಕಿನಲ್ಲಿ ತೂಗುಯಂತ್ರವೊಂದು ಮುರಿದು ಬಿದ್ದು ಇಬ್ಬರು ಸತ್ತರು. 2024ರ ಮೇ 25ರಂದು ಗುಜರಾತಿನದೇ ರಾಜಕೋಟೆಯ ಆಟದ ಮಂದಿರಕ್ಕೆ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಮಂದಿ, ಅವರಲ್ಲಿ ಮಕ್ಕಳೂ ಇದ್ದರು, ಸುಟ್ಟುಹೋದರು. ಆ ಜಾಗಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೇ ಇರಲಿಲ್ಲ. ಎರಡು ಕಡೆಯೂ ಕೇಡು ಸಂದರ್ಶಕರ ಚೀಲದಲ್ಲಿ ಬರಲಿಲ್ಲ, ಅದು ಒಳಗೇ ಇತ್ತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟದ್ದು ಗೇಟುಗಳ ಮುಂದೆಯೇ. ಬಾಗಿಲನ್ನು ಸರಿಯಾಗಿ ಯೋಚಿಸಿ ಕಟ್ಟದಿದ್ದರೆ ಕಾಪಾಡಬೇಕಾದ ಬಾಗಿಲೇ ಕೊಲ್ಲುತ್ತದೆ. ಆದ್ದರಿಂದ ಸುರಕ್ಷತೆಗಾಗಿ ಚೀಲ ಬಿಚ್ಚಿ ತೋರಿಸಿದ ಪ್ರತಿಯೊಬ್ಬನಿಗೂ ಒಂದು ಪ್ರತಿಪ್ರಶ್ನೆಯ ಹಕ್ಕಿದೆ. ಈ ಯಂತ್ರವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ ಎಲ್ಲಿ ಎಂದು ವಿನಯದಿಂದ ಕೇಳಿ. ನಮ್ಮ ಜನ ಪುಳಿಯೋಗರೆಗೆ ಜಗಳವಾಡುತ್ತಾರೆ, ಇದನ್ನು ಮಾತ್ರ ಕೇಳುವುದಿಲ್ಲ.

ಬಾಗಿಲಲ್ಲಿ ನಿಂತ ಮನುಷ್ಯನ ಬಗ್ಗೆಯೂ ಎರಡು ಮಾತು ಬರೆಯದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಆತ ಪೊಲೀಸನಲ್ಲ. ಖಾಸಗಿ ಭದ್ರತಾ ಸಂಸ್ಥೆಗಳಿಗಾಗಿ 2005ರಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿದೆ, ಕಾವಲುಗಾರರಿಗೆ ತರಬೇತಿ ಕಡ್ಡಾಯವೆಂದು ಅದು ಹೇಳುತ್ತದೆ. ವಾಸ್ತವದಲ್ಲಿ ಅವರಲ್ಲಿ ಎಷ್ಟೋ ಮಂದಿ ನಮ್ಮಂಥ ಹಳ್ಳಿಗಳಿಂದಲೇ ಹೋದವರು, ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಸಮವಸ್ತ್ರ ತೊಟ್ಟವರು. ಇಡೀ ದಿನ ನಿಂತೇ ಇರಬೇಕು. ಸಾವಿರ ಜನರ ಗೊಣಗಾಟ ಕೇಳಬೇಕು. ರಾಜಾಜಿನಗರದ ಪ್ರಕರಣದಲ್ಲಿ ಕೆಲಸ ಕಳೆದುಕೊಂಡದ್ದು ಒಬ್ಬ ಭದ್ರತಾ ಮೇಲ್ವಿಚಾರಕ. ಅವನು ಮಾಡಿದ್ದು ತಪ್ಪೇ. ಆದರೆ ಕೊಳೆ ಬಟ್ಟೆಯವರನ್ನು ಕಂಡರೆ ತಡೆಯಬೇಕು ಎಂಬ ಭಾವನೆ ಅವನ ತಲೆಯಲ್ಲೇ ಹುಟ್ಟಿತೇ, ಅಥವಾ ಅಚ್ಚುಕಟ್ಟಾಗಿ ಉಟ್ಟ ನಾವೆಲ್ಲ ಅದನ್ನು ಅವನಿಗೆ ಕಲಿಸಿದೆವೇ? ಬಾಗಿಲಿನವನನ್ನು ಬೈಯುವುದು ಸುಲಭ, ಏಕೆಂದರೆ ನಮ್ಮ ಕೈಗೆ ಸಿಗುವವನು ಅವನೊಬ್ಬನೇ.

ಅದೇ ಬಾಗಿಲಲ್ಲಿ ನಿಂತವರು ಪ್ರಾಣ ಕೊಟ್ಟದ್ದೂ ಇದೆ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ, ಗೇಟಿನ ಬಳಿ ಕೆಲಸದಲ್ಲಿದ್ದ ಸಿ.ಆರ್.ಪಿ.ಎಫ್. ಮಹಿಳಾ ಕಾನ್‌ಸ್ಟೇಬಲ್ ಕಮಲೇಶ್ ಕುಮಾರಿ ಅಪಾಯವನ್ನು ಮೊದಲು ಕಂಡು ಕೂಗಿ ಎಚ್ಚರಿಸಿದರು. ಗುಂಡಿಗೆ ಬಲಿಯಾದರು. ಮರಣೋತ್ತರವಾಗಿ ಅಶೋಕ ಚಕ್ರ ಅವರಿಗೆ ಸಂದಿತು. 2019ರ ಪಾಸ್ಖ ಭಾನುವಾರ, ಏಪ್ರಿಲ್ 21ರಂದು, ಶ್ರೀಲಂಕಾದಲ್ಲಿ ಮೂರು ಚರ್ಚುಗಳ ಮೇಲೆ, ಹೋಟೆಲುಗಳ ಮೇಲೆ ಆತ್ಮಾಹುತಿ ದಾಳಿ ನಡೆದು 250ಕ್ಕೂ ಹೆಚ್ಚು ಜನ ಸತ್ತರು. ಬಟ್ಟಿಕಲೋವಾದ ಜಿಯೋನ್ ಚರ್ಚಿನಲ್ಲಿ ದೊಡ್ಡ ಚೀಲ ಹೊತ್ತ ಅಪರಿಚಿತನೊಬ್ಬ ಅಂಗಳಕ್ಕೆ ಬಂದ. ರಮೇಶ್ ರಾಜು ಎಂಬ ಸಾಮಾನ್ಯ ವಿಶ್ವಾಸಿ, ಕಟ್ಟಡದ ಕೆಲಸ ಮಾಡಿಸುತ್ತಿದ್ದವರು, ಚೀಲದಲ್ಲಿ ಏನಿದೆ ಎಂದು ಅವನನ್ನು ಕೇಳಿದರು. ಕ್ಯಾಮೆರಾ ಇದೆ ಎಂಬ ಉತ್ತರ ಬಂತು. ಅದರೊಂದಿಗೆ ಒಳಗೆ ಹೋಗುವಂತಿಲ್ಲ ಎಂದು ತಡೆದು ನಿಲ್ಲಿಸಿದರು. ಬಾಂಬು ಹೊರಗೇ ಸಿಡಿಯಿತು. ಹೊರಗಿದ್ದ ಹಲವರು, ಮಕ್ಕಳೂ ಸೇರಿ, ಸತ್ತರು. ರಮೇಶ್ ರಾಜು ಕೂಡ ಸತ್ತರು. ಆದರೆ ಜನ ಕಿಕ್ಕಿರಿದಿದ್ದ ಒಳಾಂಗಣಕ್ಕೆ ಅವನು ಹೋಗಲಾಗಲಿಲ್ಲ. ಅವರು ಕಾವಲುಗಾರರಲ್ಲ. ಒಂದು ಪ್ರಶ್ನೆ ಕೇಳಿದರು, ಅಷ್ಟೇ.

ಈ ಘಟನೆಯನ್ನು ನಮ್ಮ ಹಬ್ಬದ ಸಿದ್ಧತೆಯ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತರು. “ಫಾದರ್, ಪಾರ್ಕಿನಲ್ಲಿ ಮಾಡಲಿ, ಮಾಲಿನಲ್ಲಿ ಮಾಡಲಿ. ದೇವರ ಮನೆಯ ಬಾಗಿಲಲ್ಲಿ ಚೀಲ ಬಿಚ್ಚಿಸುವುದು ಸರಿಯೇ? ಯೇಸುಸ್ವಾಮಿ ಯಾರ ಚೀಲ ನೋಡಿದರು?” ಎಂದರು. ಪ್ರಶ್ನೆ ಹಗುರವಲ್ಲ. ನಮ್ಮ ಬಾಗಿಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿ ಹೋಗುವ ನೆರೆಯ ಓಣಿಯವರು, ಹಬ್ಬದ ದಿನ ಊಟಕ್ಕೆ ಬರುವ ಅಲೆಮಾರಿಗಳು, ಇರುವ ಆಸ್ತಿಯನ್ನೆಲ್ಲ ಒಂದು ಗೋಣಿಚೀಲದಲ್ಲಿ ಹೊತ್ತು ತಿರುಗುವ ಒಬ್ಬ ಮುದುಕಿ. ಬಾಗಿಲಲ್ಲಿ ನಿಂತ ನಮ್ಮ ಯುವಕ ಅವಳನ್ನು ಮಾತ್ರ ತಡೆದು ನಿಲ್ಲಿಸಿ, ಕಾರಿನಿಂದಿಳಿದ ಪರಿಚಿತ ಕುಟುಂಬವನ್ನು ಕೈಮುಗಿದು ಒಳಗೆ ಬಿಟ್ಟರೆ, ರಾಜಾಜಿನಗರಕ್ಕೂ ನಮಗೂ ಏನು ವ್ಯತ್ಯಾಸ? ಹಾಗೆಂದು ಯಾರನ್ನೂ ಏನನ್ನೂ ಕೇಳದೆ ಬಿಟ್ಟು, ಒಳಗಿರುವ ಮಕ್ಕಳ ಹೊಣೆಯನ್ನು ದೇವರ ಮೇಲೆ ಹಾಕಿ ಕೂರುವುದೂ ಭಕ್ತಿಯಲ್ಲ.

ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ, ದೊಡ್ಡ ಹಬ್ಬದ ಮೂರು ದಿನ ಮಾತ್ರ ಬಾಗಿಲಲ್ಲಿ ಎರಡು ಮೇಜು ಇಡುವುದು, ಒಂದರಲ್ಲಿ ಹೆಂಗಸರೇ ಇರುವುದು, ಜನ ಸೇರದಂತೆ ಇನ್ನೊಂದು ಬಾಗಿಲನ್ನೂ ತೆರೆದಿಡುವುದು ಎಂದಾಯಿತು. ಗುರುಗಳಿರಲಿ, ಪರಿಷತ್ತಿನ ಸದಸ್ಯರಿರಲಿ, ಎಲ್ಲರ ಚೀಲವನ್ನೂ ನೋಡುವುದು. ಬಿಚ್ಚುವ ಕೈ ಚೀಲದವರದೇ ಆಗಿರಬೇಕು ಎಂದು ಒಬ್ಬ ಶಿಕ್ಷಕಿ ಸೇರಿಸಿದರು. ಈಜಿಪ್ಟಿನಲ್ಲಿ ಜೋಸೆಫನ ಮೇಲ್ವಿಚಾರಕ ಬೆಳ್ಳಿಯ ಬಟ್ಟಲಿಗಾಗಿ ಹುಡುಕಲು ಬಂದಾಗಲೂ ಅಣ್ಣತಮ್ಮಂದಿರು ತಮ್ಮ ತಮ್ಮ ಗೋಣಿಯನ್ನು ತಾವೇ ಇಳಿಸಿ ಬಿಚ್ಚಿದ್ದರಲ್ಲವೇ ಎಂದು ಅವರು ನೆನಪಿಸಿದಾಗ ನಾನೂ ಆದಿಕಾಂಡವನ್ನು ಮತ್ತೊಮ್ಮೆ ತೆರೆದು ನೋಡಿದೆ. ಹೌದು, ಹಾಗೆಯೇ ಇದೆ.

ಗೋಣಿಚೀಲದ ಮುದುಕಿಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಅವಳ ಚೀಲವನ್ನು ಎಲ್ಲರೆದುರು ಬಿಚ್ಚಿಸಿದರೆ ಅವಳ ಬಡತನವನ್ನೇ ಬಿಚ್ಚಿ ಹರಡಿದಂತೆ ಎಂದರು ಕೆಲವರು. ಅವಳೊಬ್ಬಳನ್ನೇ ಬಿಟ್ಟರೆ ನಾಳೆ ಬೇರೊಬ್ಬರು ಅದೇ ದಾರಿ ಹಿಡಿಯುತ್ತಾರೆ ಎಂದರು ಇನ್ನು ಕೆಲವರು. ಯುವತಿಯೊಬ್ಬಳು, ತಾನು ಅವಳನ್ನು ಪಕ್ಕಕ್ಕೆ ಕರೆದು ಟೀ ಕೊಟ್ಟು ಮಾತಾಡಿಸುತ್ತಾ ಜೊತೆಯಲ್ಲಿ ಕೂರುತ್ತೇನೆ ಎಂದಿದ್ದಾಳೆ. ಈ ವರ್ಷ ಹಾಗೆ ಮಾಡಿ ನೋಡುವುದೆಂದು ಸಭೆ ಮುಗಿಯಿತು.